ಬೆಂಗಳೂರಿನ ದಾರಿಗಳು ಕಟ್ಟಿಕೊಳ್ಳುವುದೇಕೆ?

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಮನೆಯ ಹೊಸಲಿನೊಳಗಣ ವಿಷಯಗಳನ್ನೇ, ಎಂದರೆ ಆಯವ್ಯಯ, ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ ಮೊದಲಾದುವನ್ನೇ ವಿಚಾರಮಾಡುವುದು ವಾಡಿಕೆ. ಈ ತಿಂಗಳು ಹೊಸಲನ್ನು ದಾಟಿ ಬೀದಿಗೆ ಇಳಿಯಬೇಕಾಗಿದೆ. ಬೀದಿಯ ವಿಚಾರವು ಗೃಹಸ್ಥರಿಗೇಕೆ, ಅದು ಪೊಲೀಸಿನವರಿಗೂ ಇಂಜಿನಿಯರುಗಳಿಗೂ ಸೇರಿದ್ದಲ್ಲವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಸಂಸಾರದ ಸ್ವತ್ತುಗಳಲ್ಲಿ ಹಣವೊಂದೇ ಸ್ವತ್ತಲ್ಲ. ಕಾಲವೂ ಒಂದು ಸ್ವತ್ತು. ಹಣದ ಲೆಕ್ಕವನ್ನು ಕಾಸುಕಾಸಿಗೂ ಬರೆದಿಡುವ ನಾವು, ಬೀದಿಯಲ್ಲಿ ಸೋರಿಹೋಗುವ ಕಾಲದ ಲೆಕ್ಕವನ್ನು ಬರೆದಿಡುವುದಿಲ್ಲ. ಅದನ್ನು ಒಮ್ಮೆ ಬರೆದು ನೋಡೋಣ.

ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯು ಪ್ರಪಂಚದ ಅನೇಕ ನಗರಗಳಲ್ಲಿ ವಾಹನಗಳ ವೇಗವನ್ನು ಅಳೆದು ಪ್ರತಿವರ್ಷವೂ ಪ್ರಕಟಿಸುತ್ತದೆ. ಅದರ ೨೦೨೨ನೆಯ ವರ್ಷದ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ ೧೦ ಕಿಲೋಮೀಟರು ಸಾಗುವುದಕ್ಕೆ ಸರಾಸರಿ ೨೯ ನಿಮಿಷ ೧೦ ಸೆಕೆಂಡು ಹಿಡಿಯಿತು. ಆ ವರ್ಷ ಲಂಡನ್ನಿನ ಅನಂತರ ಎರಡನೆಯ ಸ್ಥಾನ ನಮ್ಮ ನಗರಕ್ಕೇ ದೊರೆಯಿತು. ಕಚೇರಿಗೆ ೧೦ ಕಿಲೋಮೀಟರು ಹೋಗಿ, ಅಷ್ಟೇ ದೂರ ಹಿಂದಿರುಗುವ ಒಬ್ಬ ಗೃಹಸ್ಥನನ್ನು ಎಣಿಸಿಕೊಳ್ಳಿ. ತಿಂಗಳಿಗೆ ೨೫ ದಿನಗಳ ಕೆಲಸವೆಂದರೆ, ಆತನು ೨೪ ಗಂಟೆಗಳಿಗೂ ಹೆಚ್ಚು ಕಾಲವನ್ನು ಬೀದಿಯಲ್ಲಿಯೇ ಕಳೆದಂತಾಯಿತು. ತಿಂಗಳಿಗೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ! ಇದು ದಿನದ ಎಲ್ಲ ಹೊತ್ತುಗಳ ಸರಾಸರಿ. ಬೆಳಗಿನ ಒಂಬತ್ತು ಗಂಟೆಗೂ ಸಂಜೆಯ ಆರು ಗಂಟೆಗೂ ಹೊರಡುವವರ ಪಾಡು ಇದಕ್ಕಿಂತ ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ. ಮಗುವಿಗೆ ಪಾಠ ಹೇಳಿಕೊಡಬೇಕಾದ ಹೊತ್ತು, ವೃದ್ಧರಾದ ತಂದೆತಾಯಿಗಳೊಡನೆ ಕುಳಿತು ಎರಡು ಮಾತನಾಡಬೇಕಾದ ಹೊತ್ತು ಹೀಗೆ ಹೊಗೆಯಲ್ಲಿ ಕರಗಿಹೋಗುತ್ತಿದೆ.

ಇದಕ್ಕೆ ಕಾರಣವೇನು? "ಜನ ಹೆಚ್ಚಾದರು, ಗಾಡಿಗಳು ಹೆಚ್ಚಾದುವು" ಎಂದು ಎಲ್ಲರೂ ಹೇಳುವುದುಂಟು. ಅದು ಸುಳ್ಳಲ್ಲ. ೧೯೫೧ನೆಯ ಜನಗಣತಿಯಲ್ಲಿ ಸುಮಾರು ೭.೮ ಲಕ್ಷವಿದ್ದ ನಗರದ ಜನಸಂಖ್ಯೆಯು ೨೦೧೧ನೆಯ ಗಣತಿಯ ವೇಳೆಗೆ ಸುಮಾರು ೮೪ ಲಕ್ಷವಾಯಿತು. ನಗರದ ಎಲ್ಲೆಯೂ ಅದರೊಡನೆ ಹಬ್ಬಿತು. ನೋಂದಣಿಯಾದ ವಾಹನಗಳ ಸಂಖ್ಯೆಯು ಈಗ ಒಂದು ಕೋಟಿಯನ್ನು ಮೀರಿದೆ. ಅವುಗಳಲ್ಲಿ ಹೆಚ್ಚಿನ ಪಾಲು ದ್ವಿಚಕ್ರವಾಹನಗಳು. ಆದರೆ ಸಂಖ್ಯೆಯೊಂದರಿಂದಲೇ ಈ ವ್ಯಾಧಿಯನ್ನು ವಿವರಿಸಲಾಗದು. ಜ್ವರವಿದೆ ಎಂದು ಹೇಳಿದ ಮಾತ್ರಕ್ಕೆ ರೋಗದ ನಿದಾನವಾದಂತಾಗುವುದಿಲ್ಲವಷ್ಟೆ. ಆದುದರಿಂದ ಒಂದೊಂದಾಗಿ ನೋಡತಕ್ಕದ್ದು.

ಮೊದಲನೆಯ ಕಾರಣವು ಊರಿನ ಹುಟ್ಟಿನಲ್ಲಿಯೇ ಇದೆ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯು ಎತ್ತಿನ ಗಾಡಿಗೂ ಹೇರಿನ ಎತ್ತಿಗೂ ಕಾಲುನಡಗೆಗೂ ತಕ್ಕುದಾಗಿದ್ದಿತು. ದೊಡ್ಡಪೇಟೆ, ಚಿಕ್ಕಪೇಟೆಗಳ ಎರಡು ಮುಖ್ಯ ಬೀದಿಗಳು ಒಂದನ್ನೊಂದು ಹಾಯುವ ಜಾಗದ ಸುತ್ತಲೂ ಬಳೇಪೇಟೆ, ಅಕ್ಕಿಪೇಟೆ, ನಗರ್ತಪೇಟೆ, ಅರಳೇಪೇಟೆ ಮುಂತಾದುವು ಒತ್ತೊತ್ತಾಗಿ ನೆಲೆಗೊಂಡುವು. ೧೮೦೯ರಲ್ಲಿ ಇಂಗ್ಲಿಷರು ಪೂರ್ವಕ್ಕೆ ತಮ್ಮ ದಂಡನ್ನು ಸ್ಥಾಪಿಸಿದರು. ಪೇಟೆಯೂ ದಂಡೂ ೧೮೬೨ರಿಂದ ಎರಡು ಬೇರೆ ಬೇರೆ ಪುರಸಭೆಗಳ ಆಡಳಿತದಲ್ಲಿದ್ದು, ೧೯೪೯ರಲ್ಲಿ ಮಾತ್ರ ಒಂದಾದುವು. ಹೀಗೆ ಎರಡು ಊರುಗಳು ಬೆನ್ನಿಗೆ ಬೆನ್ನು ಕೊಟ್ಟು ಬೆಳೆದುದರಿಂದ, ಒಂದರ ಬೀದಿಯು ಇನ್ನೊಂದರ ಬೀದಿಗೆ ನೇರವಾಗಿ ಸೇರುವುದು ಅಪರೂಪವಾಯಿತು. ೧೮೯೦ರ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿದಾಗ ನೇರವಾದ ಅಗಲ ಬೀದಿಗಳನ್ನು ಅಳೆದು ಹಾಕಿದರು. ಆ ಶಿಸ್ತು ಅನಂತರದ ಎಲ್ಲ ಬಡಾವಣೆಗಳಿಗೂ ಬರಲಿಲ್ಲ. ಹೊಲವನ್ನು ಹೊಲವಾಗಿಯೇ ನಿವೇಶನಗಳಾಗಿ ಸೀಳಿ ಮಾರಿದ ಕಡೆಗಳಲ್ಲಿ, ಹೊಲದ ಬದುವೇ ಬೀದಿಯಾಯಿತು. ಬದು ಮುಗಿದಲ್ಲಿ ಬೀದಿಯೂ ಮುಗಿಯಿತು.

ಇದರಿಂದ ಹುಟ್ಟಿದ ಎರಡನೆಯ ಕಾರಣವೇ ಅಡ್ಡದಾರಿಗಳ ಅಭಾವ. ಮೈಸೂರು, ತುಮಕೂರು, ಬಳ್ಳಾರಿ, ಹೊಸೂರು, ಮದರಾಸು ಮೊದಲಾದ ಊರುಗಳ ಕಡೆಗೆ ಹೋಗುವ ದಾರಿಗಳು ಚಕ್ರದ ಅರಗಳಂತೆ ನಡುವಿನಿಂದ ಹೊರಟಿವೆ. ಅರದಿಂದ ಅರಕ್ಕೆ ಹಾಯುವ ದಾರಿಗಳು ಕಡಮೆ. ನಡುವೆ ಸೇನೆಗೆ ಸೇರಿದ ವಿಶಾಲವಾದ ಭೂಮಿಗಳು, ದೊಡ್ಡ ವಿದ್ಯಾಸಂಸ್ಥೆಗಳ ಆವರಣಗಳು, ರೈಲುಹಾದಿಗಳು, ಕೆರೆಗಳು. ಈಚೆಗೆ ಗೋಡೆಯಿಟ್ಟು ಕಾವಲುಗಾರನನ್ನು ನಿಲ್ಲಿಸಿಕೊಂಡ ವಸತಿಸಮೂಹಗಳು. ಇವುಗಳಲ್ಲಿ ಅನೇಕವು ಊರಿಗೆ ಬೇಕಾದುವೇ. ಕೆರೆಯೂ ಮರವೂ ಇಲ್ಲದ ಊರನ್ನು ನಾವಂತೂ ಬಯಸೆವು. ಆದರೆ ಫಲವನ್ನು ಗಮನಿಸಬೇಕು. ಪಕ್ಕದ ಬಡಾವಣೆಗೆ ಹೋಗಬೇಕಾದವನೂ ಹೆದ್ದಾರಿಗೆ ಬಂದು, ಒಂದು ದೊಡ್ಡ ಕೂಡುರಸ್ತೆಯನ್ನು ಹಾಯ್ದು, ತಿರುಗಿ ಒಳಕ್ಕೆ ಹೋಗಬೇಕಾಗುತ್ತದೆ. ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸಿಲ್ಕ್ ಬೋರ್ಡ್, ಬಳ್ಳಾರಿ ರಸ್ತೆಯು ಕೂಡುವ ಹೆಬ್ಬಾಳ, ಹಳೆಯ ಮದರಾಸು ರಸ್ತೆಯು ಕೂಡುವ ಕೃಷ್ಣರಾಜಪುರ: ಇವುಗಳ ಹೆಸರನ್ನು ಕೇಳಿದೊಡನೆ ನಗರವಾಸಿಗಳು ನಿಟ್ಟುಸಿರು ಬಿಡುವರು. ಕೊಡದ ಹೊಟ್ಟೆ ಎಷ್ಟು ದೊಡ್ಡದಾದರೂ ನೀರು ಹೊರಬೀಳುವುದು ಕಂಠದ ಅಳತೆಯಷ್ಟೇ. ದಾರಿಯ ಶಕ್ತಿಯನ್ನು ನಿರ್ಣಯಿಸುವುದು ಅದರ ಅತಿ ಕಿರಿದಾದ ಭಾಗವೇ ಹೊರತು ಅತಿ ಅಗಲವಾದ ಭಾಗವಲ್ಲ.

ಮೂರನೆಯದು ಮನೆಗೂ ಕೆಲಸಕ್ಕೂ ನಡುವಣ ದೂರ. ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ೧೯೪೦ರಲ್ಲಿಯೂ, ಟೆಲಿಫೋನ್ ಕಾರ್ಖಾನೆಯು ೧೯೪೮ರಲ್ಲಿಯೂ, ಎಚ್. ಎಂ. ಟಿ.ಯು ೧೯೫೩ರಲ್ಲಿಯೂ, ಬಿ. ಇ. ಎಲ್. ಸಂಸ್ಥೆಯು ೧೯೫೪ರಲ್ಲಿಯೂ ಸ್ಥಾಪಿತವಾದುವು. ಈ ಸಂಸ್ಥೆಗಳು ಕಾರ್ಖಾನೆಯ ಮಗ್ಗುಲಲ್ಲಿಯೇ ಕೆಲಸಗಾರರಿಗೆ ಮನೆಗಳನ್ನು ಕಟ್ಟಿಸಿದುವು; ದೂರದವರಿಗೆ ತಮ್ಮವೇ ಬಸ್ಸುಗಳನ್ನು ಓಡಿಸಿದುವು. ಶಾಲೆ, ಅಂಗಡಿ, ಆಸ್ಪತ್ರೆಗಳು ಕಾಲುನಡಗೆಯ ದೂರದಲ್ಲಿದ್ದುವು. ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯು ಪ್ರಾರಂಭವಾಯಿತು. ೧೯೯೦ರ ದಶಕದ ಕೊನೆಯಿಂದ ವೈಟ್‌ಫೀಲ್ಡಿನಲ್ಲಿಯೂ, ಅನಂತರ ಹೊರವರ್ತುಲ ರಸ್ತೆಯ ಉದ್ದಕ್ಕೂ ಕಚೇರಿಗಳು ಎದ್ದುವು. ಕೆಲಸವು ಊರಿನ ಅಂಚಿಗೆ ಹೋಯಿತು. ವಸತಿಯು ಅದರ ಜೊತೆಯಲ್ಲಿ ಕ್ರಮವಾಗಿ ಹೋಗಲಿಲ್ಲ. ಈಗ ಒಂದೇ ಸಂಸಾರದಲ್ಲಿ ಗಂಡನಿಗೆ ಪೂರ್ವದಲ್ಲಿ ಉದ್ಯೋಗ, ಹೆಂಡತಿಗೆ ದಕ್ಷಿಣದಲ್ಲಿ ಉದ್ಯೋಗ, ಮಗುವಿಗೆ ಪಶ್ಚಿಮದಲ್ಲಿ ಶಾಲೆ. ಮನೆಯನ್ನು ಎಲ್ಲಿ ಮಾಡಿದರೂ ಇಬ್ಬರಾದರೂ ಊರನ್ನು ಹಾಯಲೇಬೇಕು. ಅವರಲ್ಲಿ ಯಾರನ್ನು ದೂಷಿಸೋಣ?

ನಾಲ್ಕನೆಯದಾಗಿ, ಮನುಷ್ಯರನ್ನು ಸಾಗಿಸುವುದಕ್ಕೂ ಗಾಡಿಗಳನ್ನು ಸಾಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಮರೆತಿದ್ದೇವೆ. ಮೂರು ಕಾರುಗಳು ನಿಂತರೆ ಒಂದು ಬಸ್ಸಿನಷ್ಟು ಉದ್ದವಾಗುತ್ತದೆ. ಆ ಮೂರು ಕಾರುಗಳಲ್ಲಿ ನಾಲ್ಕೈದು ಜನರಿರಬಹುದು. ಬಸ್ಸಿನಲ್ಲಿ ಕುಳಿತವರೇ ನಲವತ್ತು ಮಂದಿ. ಹಾಗಿದ್ದರೂ ಬಸ್ಸು ಕಾರುಗಳ ಹಿಂದೆಯೇ ಸಾಲಿನಲ್ಲಿ ನಿಲ್ಲಬೇಕು. ಬಸ್ಸು ತಡವಾಗುವುದರಿಂದ ಪ್ರಯಾಣಿಕನು ಬೇಸತ್ತು ಸ್ಕೂಟರನ್ನು ಕೊಳ್ಳುವನು; ಸ್ಕೂಟರಿನವನು ಮಳೆಗೂ ಧೂಳಿಗೂ ಬೇಸತ್ತು ಕಾರನ್ನು ಕೊಳ್ಳುವನು; ಕಾರುಗಳು ಹೆಚ್ಚಿದುದರಿಂದ ಬಸ್ಸು ಇನ್ನೂ ತಡವಾಗುವುದು. ಇದು ಗಾಣದ ಎತ್ತಿನ ಸುತ್ತು. ೨೦೧೯ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಒಂದು ಪಟ್ಟಿಯನ್ನು ಪ್ರತ್ಯೇಕಿಸಿ ಈ ಸುತ್ತನ್ನು ಮುರಿಯುವ ಪ್ರಯತ್ನವು ನಡೆಯಿತು. ಮುಂದೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯು ಬಂದುದರಿಂದ ಆ ಪಟ್ಟಿಯು ಉಳಿಯಲಿಲ್ಲ. ಒಳ್ಳೆಯ ಪ್ರಯತ್ನವೊಂದು ಬೇರೂರುವ ಮೊದಲೇ ಒಣಗಿತೆಂದು ವ್ಯಸನಪಡಬೇಕಾಗಿದೆ.

ಐದನೆಯದು, ಇರುವ ದಾರಿಯನ್ನು ನಾವು ಉಪಯೋಗಿಸುವ ರೀತಿ. ನಲವತ್ತು ಅಡಿ ಅಗಲದ ಬೀದಿಯಲ್ಲಿ ಎರಡು ಪಕ್ಕಗಳಲ್ಲಿಯೂ ಕಾರುಗಳು ನಿಂತರೆ ಉಳಿಯುವುದು ಇಪ್ಪತ್ತೈದು ಅಡಿಗಳಿಗೆ ಹೆಚ್ಚಿಲ್ಲ. ಫುಟ್‌ಪಾತು ಮುರಿದಿರುವುದರಿಂದಲೋ, ಅದರ ಮೇಲೆ ವಿದ್ಯುತ್ತಿನ ಪೆಟ್ಟಿಗೆಯೂ ಸ್ಕೂಟರುಗಳೂ ನಿಂತಿರುವುದರಿಂದಲೋ, ನಡೆಯುವವರು ಬೀದಿಗೆ ಇಳಿಯುವರು. ಅಲ್ಲಿಗೆ ಇನ್ನೂ ನಾಲ್ಕು ಅಡಿ ಹೋಯಿತು. ನೀರಿನ ಕೊಳವೆಗೆಂದು ಒಮ್ಮೆ, ಚರಂಡಿಗೆಂದು ಒಮ್ಮೆ, ತಂತಿಗೆಂದು ಮತ್ತೊಮ್ಮೆ ಅಗೆದ ಜಾಗವು ಸಮನಾಗುವುದರೊಳಗೆ ಮಳೆ ಬರುವುದು. ಗುಂಡಿಯನ್ನು ಕಂಡು ಪ್ರತಿಯೊಂದು ಗಾಡಿಯೂ ನಿಧಾನಿಸುವುದು. ಇನ್ನು ಭಾರಿ ಮಳೆಯಾದರೆ ಹೇಳತಕ್ಕದ್ದೇನು! ೨೦೨೨ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಭಾಗಗಳು ಕೆರೆಯಂತಾದುದನ್ನು ದೇಶವೆಲ್ಲವೂ ನೋಡಿತು. ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ನಾವು ಒತ್ತಿದರೆ, ನೀರು ತನ್ನ ದಾರಿಯನ್ನು ನಮ್ಮ ದಾರಿಯಲ್ಲಿ ಹುಡುಕಿಕೊಳ್ಳುವುದು ಸಹಜವೇ ಸರಿ.

ಇಷ್ಟೆಲ್ಲ ಕಾರಣಗಳಿಲ್ಲದಿದ್ದರೂ ದಟ್ಟಣೆಯು ತಾನಾಗಿ ಹುಟ್ಟಬಲ್ಲುದೆಂಬುದು ವಿಚಿತ್ರವಾದರೂ ಸತ್ಯ. ೨೦೦೮ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸುಗಿಯಾಮಾ ಮತ್ತು ಅವರ ಸಹೋದ್ಯೋಗಿಗಳು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ೨೩೦ ಮೀಟರು ಸುತ್ತಳತೆಯ ವೃತ್ತದಲ್ಲಿ ೨೨ ಕಾರುಗಳನ್ನು ಸಮವೇಗದಲ್ಲಿ ಓಡಿಸುವಂತೆ ಹೇಳಿದರು. ಗುಂಡಿಯಿಲ್ಲ, ಸಿಗ್ನಲ್ ಇಲ್ಲ, ಅಡ್ಡಬರುವವರಿಲ್ಲ. ಸ್ವಲ್ಪ ಹೊತ್ತು ಎಲ್ಲವೂ ಸುಗಮವಾಗಿ ಸಾಗಿದುವು. ಆಮೇಲೆ ಯಾವನೋ ಒಬ್ಬನು ಕೊಂಚ ನಿಧಾನಿಸಿದನು. ಹಿಂದಿನವನು ಅದಕ್ಕಿಂತ ಕೊಂಚ ಹೆಚ್ಚು ನಿಧಾನಿಸಿದನು. ಅದರ ಹಿಂದಿನವನು ಇನ್ನೂ ಹೆಚ್ಚು. ಕಡೆಗೆ ಕೆಲವು ಕಾರುಗಳು ಪೂರ್ತಿಯಾಗಿ ನಿಂತುವು. ಆ ನಿಲುಗಡೆಯು ಅಲೆಯಂತೆ ಹಿಂದಹಿಂದಕ್ಕೆ ಸರಿಯತೊಡಗಿತು. ದಾರಿಯು ತುಂಬುವ ಮಿತಿಗೆ ಸಮೀಪಿಸಿದಾಗ ಒಬ್ಬನ ಅಲ್ಪವಾದ ಅವಸರವೂ ಅಥವಾ ಅಲಕ್ಷ್ಯವೂ ಹಿಂದಿರುವ ನೂರಾರು ಮಂದಿಯನ್ನು ನಿಲ್ಲಿಸುತ್ತದೆ. ಬಸ್ಸಿನ ಮುಂದೆ ಅಡ್ಡನುಗ್ಗುವ ಸವಾರನೂ, "ಎರಡೇ ನಿಮಿಷ" ಎಂದು ಅಂಗಡಿಯ ಮುಂದೆ ಕಾರನ್ನು ನಿಲ್ಲಿಸುವ ಮಹಾಶಯನೂ ಇದನ್ನು ಅರಿತರೆ ಒಳ್ಳೆಯದು.

ಹಾಗಾದರೆ ದಾರಿಗಳನ್ನು ಅಗಲಮಾಡಿ, ಮೇಲ್ಸೇತುವೆಗಳನ್ನು ಕಟ್ಟಿದರೆ ಸಾಲದೇ? ಕೆಲವೆಡೆ ಅದು ಅವಶ್ಯಕವೇ. ಆದರೆ ಅದನ್ನೇ ಸರ್ವರೋಗ ನಿವಾರಕವೆಂದು ತಿಳಿಯತಕ್ಕದ್ದಲ್ಲ. ೨೦೧೦ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರದ ರಸ್ತೆಯು ತೆರೆದಾಗ, ಆ ಭಾಗದ ಪ್ರಯಾಣವು ನಿಮಿಷಗಳ ಮಾತಾಯಿತು. ಆದರೆ ಹಾಗೆ ಬೇಗ ಬಂದವರೆಲ್ಲರೂ ಇಳಿಯುವುದು ಸಿಲ್ಕ್ ಬೋರ್ಡಿಗೆ. ಒಂದು ಗಂಟನ್ನು ಬಿಡಿಸಿದರೆ ಅದು ಮುಂದಿನ ಗಂಟಿಗೆ ಸೇರಿಕೊಳ್ಳುತ್ತದೆ. ಅದೂ ಅಲ್ಲದೆ, ದಾರಿಯು ಸುಗಮವಾಯಿತೆಂದು ಕೇಳಿದೊಡನೆ, ಅದುವರೆಗೆ ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವರೂ, ಬಸ್ಸಿನಲ್ಲಿ ಹೋಗುತ್ತಿದ್ದವರೂ ಆ ದಾರಿಗೆ ಬರುವರು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸರು ೧೯೬೨ರಲ್ಲಿಯೇ ಇದನ್ನು ಒಂದು ನಿಯಮವಾಗಿ ಬರೆದರು: ನಗರದ ಹೆದ್ದಾರಿಯನ್ನು ಎಷ್ಟು ವಿಸ್ತರಿಸಿದರೂ ಅತಿ ದಟ್ಟಣೆಯ ಹೊತ್ತಿನಲ್ಲಿ ಅದು ತುಂಬಿಯೇ ತೀರುವುದೆಂದು ಅದರ ಸಾರಾಂಶ.

ಬೇರೆ ದೇಶದ ನಗರಗಳು ಇನ್ನೊಂದು ಮಾರ್ಗವನ್ನು ಹಿಡಿದಿವೆ. ಸಿಂಗಪುರವು ೧೯೭೫ರಲ್ಲಿ, ಲಂಡನ್ ೨೦೦೩ರಲ್ಲಿ, ನಗರದ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ಸುಂಕವನ್ನು ವಿಧಿಸಿದುವು. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ೨೦೦೬ರಲ್ಲಿ ಏಳು ತಿಂಗಳ ಪರೀಕ್ಷೆಯನ್ನು ನಡೆಸಿದಾಗ ಒಳಬರುವ, ಹೊರಹೋಗುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಕಡಮೆಯಾದುವು. ಪರೀಕ್ಷೆ ಮುಗಿದಾಗ ಮತ್ತೆ ಏರಿದುವು. ಮರುವರ್ಷ ಆ ಸುಂಕವನ್ನು ಶಾಶ್ವತಗೊಳಿಸಿದರು. ಆದರೆ ಈ ಮೂರು ಕಡೆಗಳಲ್ಲಿಯೂ ಕಾರನ್ನು ಬಿಟ್ಟವನಿಗೆ ಹತ್ತಲು ಸಾರ್ವಜನಿಕ ವಾಹನಗಳು ಇದ್ದುವೆಂಬುದನ್ನು ಮರೆಯಬಾರದು. ನಮ್ಮಲ್ಲಿ ಅವು ಈಗ ಬೆಳೆಯುತ್ತಿವೆ. ಮೆಟ್ರೋ ರೈಲಿನ ಮೊದಲ ಭಾಗವು ೨೦೧೧ರ ಅಕ್ಟೋಬರಿನಲ್ಲಿ ಓಡಿತು. ೨೦೧೭ರಲ್ಲಿ ಮೊದಲ ಹಂತವು ಮುಗಿದು, ೨೦೨೩ರಲ್ಲಿ ವೈಟ್‌ಫೀಲ್ಡನ್ನೂ, ೨೦೨೫ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟಿತು. ದೊಡ್ಡ ಕಚೇರಿಗಳು ಊರಿನ ಅಂಚಿಗೆ ಹೋದ ಎಷ್ಟೋ ವರ್ಷಗಳ ಮೇಲೆ ರೈಲು ಅವುಗಳನ್ನು ಹಿಂಬಾಲಿಸಿತೆಂಬುದೇ ನಮ್ಮ ಕಥೆಯ ತಿರುಳು. ಸುಮಾರು ೧೪೮ ಕಿಲೋಮೀಟರಿನ ಉಪನಗರ ರೈಲಿಗೆ ೨೦೨೨ರಲ್ಲಿ ಶಂಕುಸ್ಥಾಪನೆಯಾಗಿದೆ. ಆಡಳಿತದಲ್ಲಿಯೂ ಮಾರ್ಪಾಡಾಗಿ, ೨೦೨೫ರ ಸೆಪ್ಟೆಂಬರಿನಲ್ಲಿ ಹಳೆಯ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರಪಾಲಿಕೆಗಳೂ ಏರ್ಪಟ್ಟಿವೆ. ಕೊಳವೆಯವರೂ ತಂತಿಯವರೂ ರಸ್ತೆಯವರೂ ಒಂದೇ ಪಂಚಾಂಗವನ್ನು ನೋಡಿ ಕೆಲಸಮಾಡುವಂತಾದರೆ ಈ ಏರ್ಪಾಡು ಸಾರ್ಥಕವಾದಂತೆ.

ಇನ್ನು ಗೃಹಸ್ಥರ ಪಾಲಿಗೆ ಬರೋಣ. "ಒಂದು ಕೋಟಿಯಲ್ಲಿ ನನ್ನದೊಂದು ಗಾಡಿಯನ್ನು ಮನೆಯಲ್ಲಿ ಬಿಟ್ಟರೆ ಆಗುವುದೇನು?" ಎಂದು ಕೇಳುವವರುಂಟು. ಅದಕ್ಕೆ ಉತ್ತರವನ್ನು ಪ್ರತಿವರ್ಷವೂ ನಗರವೇ ಕೊಡುತ್ತಿದೆ. ದಸರಾ ರಜೆಯಲ್ಲಿಯೂ ಬೇಸಗೆಯ ರಜೆಯಲ್ಲಿಯೂ ಶಾಲೆಗಳು ಮುಚ್ಚಿದಾಗ ಬೆಳಗಿನ ಬೀದಿಗಳು ಹಗುರವಾಗುವುದನ್ನು ಗಮನಿಸದವರಿಲ್ಲ. ಕಚೇರಿಗಳು ತೆರೆದೇ ಇರುತ್ತವೆ; ಗಾಡಿಗಳಲ್ಲಿ ಬಹುಪಾಲು ಬೀದಿಯಲ್ಲಿಯೇ ಇರುತ್ತವೆ; ಕಡಮೆಯಾದುದು ಒಂದು ಅಂಶ ಮಾತ್ರ. ತುಂಬಿದ ಪಾತ್ರೆಗೆ ಕೊನೆಯ ಸೌಟಿನ ನೀರೇ ಉಕ್ಕನ್ನು ತರುವುದು. ಆ ಸೌಟನ್ನು ತೆಗೆದರೆ ಉಕ್ಕೂ ನಿಲ್ಲುವುದು. ಆ ಕೊನೆಯ ಸೌಟು ಗೃಹಸ್ಥರ ಕೈಯಲ್ಲಿದೆ.

ಮಗುವಿಗೆ ಶಾಲೆಯನ್ನು ಆರಿಸುವಾಗ ಅದರ ಹೆಸರಿನೊಡನೆ ದೂರವನ್ನೂ ತೂಗಿ ನೋಡಿ. ನಡೆದು ಹೋಗಬಹುದಾದ ಒಳ್ಳೆಯ ಶಾಲೆಯು, ಒಂದು ಗಂಟೆಯ ದೂರದ ಬಹು ಒಳ್ಳೆಯ ಶಾಲೆಗಿಂತ ಎಷ್ಟೋ ವೇಳೆ ಮೇಲು. ಉಳಿದ ಎರಡು ಗಂಟೆಗಳಲ್ಲಿ ಮಗುವು ಆಡಬಲ್ಲದು, ಓದಬಲ್ಲದು, ನಿದ್ರಿಸಬಲ್ಲದು. ದೂರವೇ ಆದಲ್ಲಿ, ಒಂದೊಂದು ಮಗುವಿಗೆ ಒಂದೊಂದು ಕಾರಿನ ಬದಲು ಶಾಲೆಯ ಬಸ್ಸನ್ನು ಹಿಡಿಯಿರಿ. ಮನೆಯನ್ನು ಕಟ್ಟಿಸುವಾಗ ಗಾಡಿಗೆಂದು ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಗಾಡಿಗೇ ಇಡಿ. ಅಲ್ಲಿ ಬಾಡಿಗೆಯ ಅಂಗಡಿಯನ್ನು ಮಾಡಿ ಕಾರನ್ನು ಬೀದಿಗೆ ತಳ್ಳುವುದು ನೆರೆಯವರ ಹಾದಿಯನ್ನು ತಿಂದಂತೆ. ತರಕಾರಿಗೂ ದಿನಸಿಗೂ ಬೀದಿಯ ಕೊನೆಯ ಅಂಗಡಿಗೆ ನಡೆದು ಹೋಗಿ. ವಾರದಲ್ಲಿ ಎರಡು ದಿನಗಳಾದರೂ ಬಸ್ಸನ್ನೋ ಮೆಟ್ರೋವನ್ನೋ ಹಿಡಿಯಿರಿ. ವಾರ್ಡಿನ ಸಭೆಗಳಲ್ಲಿ ಮೇಲ್ಸೇತುವೆಯನ್ನು ಕೇಳುವ ಮೊದಲು ಮುರಿಯದ ಫುಟ್‌ಪಾತನ್ನು ಕೇಳಿ. ನಡೆಯಲು ಜಾಗವಿಲ್ಲದ ಊರಿನಲ್ಲಿ ನಿಲ್ದಾಣದವರೆಗೆ ಹೋಗುವವರಾರು?

ಇದೆಲ್ಲವೂ ಕೇವಲ ಸೌಕರ್ಯದ ಮಾತೆಂದು ಎಣಿಸಬಾರದು. ಮನೆಗೆಲಸಕ್ಕೆಂದು ಎರಡು ಬಸ್ಸುಗಳನ್ನು ಹಿಡಿದು ಬರುವ ಹೆಂಗಸಿಗೆ ತಡವಾದರೆ ಆ ದಿನದ ಕೂಲಿಗೇ ಸಂಚಕಾರ. ಆಕೆಯ ಮಕ್ಕಳು ಕತ್ತಲಾದರೂ ಬಾಗಿಲಲ್ಲಿ ಕಾದಿರುತ್ತವೆ. ಹೃದಯಕ್ಕೋ ಮಿದುಳಿಗೋ ರಕ್ತದ ಹರಿವು ತಡೆದ ರೋಗಿಗೆ ಪ್ರತಿಯೊಂದು ನಿಮಿಷವೂ ಆಯುಸ್ಸಿನ ಲೆಕ್ಕ. ೧೦೮ಕ್ಕೆ ಕರೆಮಾಡಿದೊಡನೆ ಆಂಬುಲೆನ್ಸು ಹೊರಡಬಹುದು; ಆದರೆ ಅದು ಬರಬೇಕಾದುದು ನಾವು ಕಾರು ನಿಲ್ಲಿಸಿದ ಬೀದಿಯಲ್ಲಿಯೇ, ನಾವು ಸಾಲು ತಪ್ಪಿ ನುಗ್ಗಿದ ಕೂಡುರಸ್ತೆಯಲ್ಲಿಯೇ. ಒಳಗಿರುವ ರೋಗಿಯು ಯಾರ ಮನೆಯವನೆಂದು ಬೀದಿಗೆ ತಿಳಿಯದು. ಇಂದು ಪರರವನು, ನಾಳೆ ನಮ್ಮವನಾಗಬಹುದು.

ಊರು ಕಟ್ಟಿಕೊಂಡುದು ಒಂದು ದಿನದಲ್ಲಲ್ಲ. ಬಿಡುವಾಗುವುದೂ ಒಂದು ದಿನದಲ್ಲಲ್ಲ. ರೈಲುಹಾದಿಯನ್ನು ಹಾಸುವುದು ಸರ್ಕಾರದ ಕೆಲಸ. ಅದಕ್ಕೆ ವರ್ಷಗಳು ಬೇಕು. ಬೀದಿಯಲ್ಲಿ ನಮಗೆ ಸಲ್ಲತಕ್ಕ ಪಾಲಿಗಿಂತ ಹೆಚ್ಚಿಗೆ ತೆಗೆದುಕೊಳ್ಳದಿರುವುದು ಗೃಹಸ್ಥನ ಕೆಲಸ. ಅದಕ್ಕೆ ನಾಳೆಯ ಬೆಳಗು ಸಾಕು.